ಪಕ್ಕದ ಕಾರ್ಖಾನೆಯ ಟ್ಯಾಂಕಿನಲ್ಲಿ ಏನಿದೆ ಎಂದು ಕೇಳುವ ಹಕ್ಕು ನಮಗಿಲ್ಲವೇ?

ಎಲ್ಲಾದರೂ ಅನಿಲ ಸೋರಿಕೆಯ ಸುದ್ದಿ ಬಂದ ಕೂಡಲೇ ವಾಟ್ಸಾಪ್‌ನಲ್ಲಿ ಎರಡು ಬಗೆಯ ಸಂದೇಶಗಳು ಹರಿದಾಡುತ್ತವೆ. "ಕಂಪನಿಯವರು ಒಳಗೆ ಏನು ಇಟ್ಟಿದ್ದಾರೋ ದೇವರಿಗೇ ಗೊತ್ತು, ಕೇಳಿದರೂ ಹೇಳುವುದಿಲ್ಲ" ಎನ್ನುವುದು ಒಂದು. "ಬಾಯಿಗೆ ಒದ್ದೆ ಬಟ್ಟೆ ಕಟ್ಟಿಕೊಂಡು ಓಡಿ, ಬೆಲ್ಲ ತಿನ್ನಿ, ಹಾಲು ಕುಡಿಯಿರಿ" ಎನ್ನುವುದು ಇನ್ನೊಂದು. ಇವೆರಡರಲ್ಲಿ ನಿಜವೆಷ್ಟು, ತಪ್ಪೆಷ್ಟು ನೋಡೋಣ.

ಚಿಕ್ಕದಾಗಿ ಹೇಳುವುದಾದರೆ: ಮೊದಲನೆಯದು ತಪ್ಪು. ಅಪಾಯಕಾರಿ ರಾಸಾಯನಿಕವನ್ನು ದೊಡ್ಡ ಪ್ರಮಾಣದಲ್ಲಿ ಇಟ್ಟುಕೊಂಡವರು ಸುತ್ತಲಿನ ಜನರಿಗೆ ಮಾಹಿತಿ ಕೊಡಲೇಬೇಕು ಎಂದು 1989ರಿಂದಲೇ ನಿಯಮವಿದೆ. ಎರಡನೆಯದು ಅರ್ಧ ಸತ್ಯ.

ನಿಯಮ ಎಲ್ಲಿಂದ ಬಂತು?

1984ರ ಡಿಸೆಂಬರ್ 2ರ ರಾತ್ರಿ ಭೋಪಾಲದ ಯೂನಿಯನ್ ಕಾರ್ಬೈಡ್ ಕಾರ್ಖಾನೆಯ ಒಂದು ಟ್ಯಾಂಕಿಗೆ ನೀರು ಸೇರಿತು. ಅದರೊಳಗೆ ಸುಮಾರು 40 ಟನ್ ಮಿಥೈಲ್ ಐಸೋಸಯನೇಟ್ ಇತ್ತು. ಇದು ನೀರಿನೊಂದಿಗೆ ಸೇರಿದರೆ ಬಿಸಿ ಹುಟ್ಟುತ್ತದೆ. ಸುಮಾರು 39 ಡಿಗ್ರಿ ಸೆಲ್ಸಿಯಸ್‌ಗೇ ಕುದಿಯುವ ದ್ರವ ಅದು. ತಂಪಾಗಿಡುವ ಯಂತ್ರವನ್ನು ಮೊದಲೇ ನಿಲ್ಲಿಸಲಾಗಿತ್ತು. ಹೊರಬಂದ ಅನಿಲವನ್ನು ಸುಡಬೇಕಿದ್ದ ಗೋಪುರ ದುರಸ್ತಿಯಲ್ಲಿತ್ತು. ಸಾವಿರಾರು ಜನ ಸತ್ತರು. ಬಡಾವಣೆಗಳಲ್ಲಿ ಮಲಗಿದ್ದವರಿಗೆ ತಮ್ಮ ಪಕ್ಕದಲ್ಲಿ ಏನಿದೆ, ಸೋರಿದರೆ ಏನು ಮಾಡಬೇಕು ಎಂದು ಯಾರೂ ಹೇಳಿರಲಿಲ್ಲ.

ಆಮೇಲೆ 1986ರಲ್ಲಿ ಪರಿಸರ ಸಂರಕ್ಷಣಾ ಕಾಯ್ದೆ ಬಂತು. ಅದರ ಅಡಿಯಲ್ಲಿ 1989ರಲ್ಲಿ ಅಪಾಯಕಾರಿ ರಾಸಾಯನಿಕಗಳ ತಯಾರಿಕೆ, ಸಂಗ್ರಹ ಮತ್ತು ಆಮದು ನಿಯಮಗಳು ಜಾರಿಯಾದವು.

"ದೊಡ್ಡ ಪ್ರಮಾಣ" ಎಂದರೆ ಎಷ್ಟು?

ಇದು ಎಲ್ಲ ರಾಸಾಯನಿಕಕ್ಕೂ ಒಂದೇ ಅಲ್ಲ. ವಿಷ ಹೆಚ್ಚಿದಷ್ಟೂ ಮಿತಿ ಕಡಿಮೆ. ಕ್ಲೋರಿನ್‌ಗೆ 10 ಟನ್ ದಾಟಿದರೆ ತುರ್ತು ಯೋಜನೆ, ಜನರಿಗೆ ಮಾಹಿತಿ ಮುಂತಾದವು ಕಡ್ಡಾಯ. 25 ಟನ್ ಮುಟ್ಟಿದರೆ ಪೂರ್ಣ ಸುರಕ್ಷತಾ ವರದಿಯೂ ಬೇಕು. ಮಿಥೈಲ್ ಐಸೋಸಯನೇಟ್‌ಗೆ ಇರುವ ಮಿತಿ ಬರೀ 150 ಕಿಲೋಗ್ರಾಂ. ಭೋಪಾಲದ ಆ ಒಂದು ಟ್ಯಾಂಕಿನಲ್ಲಿ ಇದರ 250 ಪಟ್ಟಿಗೂ ಹೆಚ್ಚು ಇತ್ತು.

ಮಿತಿಗಿಂತ ಕಡಿಮೆ ಇದ್ದರೆ ಅಪಾಯವಿಲ್ಲ ಎಂದು ಭಾವಿಸಬೇಡಿ. ಐಸ್ ಕಾರ್ಖಾನೆ, ಕೋಲ್ಡ್ ಸ್ಟೋರೇಜ್‌ಗಳ ಅಮೋನಿಯಾ, ನೀರು ಶುದ್ಧೀಕರಣ ಘಟಕದ ಕ್ಲೋರಿನ್ ಸಿಲಿಂಡರ್ ಪಟ್ಟಿಯ ಮಿತಿಯೊಳಗಿದ್ದರೂ ಸೋರಿದರೆ ಪ್ರಾಣ ತೆಗೆಯಬಲ್ಲವು.

ಮಾಲೀಕರು ಏನು ಮಾಡಬೇಕು?

• ಕೆಲಸ ಶುರುಮಾಡುವ 3 ತಿಂಗಳು ಮೊದಲೇ ಆ ಜಾಗದ ಬಗ್ಗೆ ಅಧಿಕಾರಿಗಳಿಗೆ ತಿಳಿಸಬೇಕು.
• ಕಾರ್ಖಾನೆಯೊಳಗಿನ ತುರ್ತು ಯೋಜನೆ ಬರೆದಿಡಬೇಕು. ಪ್ರತಿ 6 ತಿಂಗಳಿಗೊಮ್ಮೆ ಅದರ ಅಣಕು ಪ್ರದರ್ಶನ ನಡೆಸಬೇಕು.
• ಪ್ರತಿ ರಾಸಾಯನಿಕಕ್ಕೂ ಸುರಕ್ಷತಾ ಮಾಹಿತಿ ಪತ್ರ ಇಟ್ಟಿರಬೇಕು.
• ದೊಡ್ಡ ಅಪಘಾತವಾದರೆ 48 ಗಂಟೆಯೊಳಗೆ ವರದಿ ಮಾಡಬೇಕು.
• ಅಪಾಯದ ಸ್ವರೂಪ, ಅವಘಡವಾದರೆ ಮಾಡಬೇಕಾದ್ದು, ಮಾಡಬಾರದ್ದು ಇವನ್ನು ಹೊರಗಿನ ಜನರಿಗೆ ತಿಳಿಸಬೇಕು.

ಕಾಂಪೌಂಡಿನ ಹೊರಗಿನ ತುರ್ತು ಯೋಜನೆ ಸರ್ಕಾರದ ಹೊಣೆ. ಅದರ ತಾಲೀಮು ವರ್ಷಕ್ಕೊಮ್ಮೆಯಾದರೂ ನಡೆಯಬೇಕು. 1996ರ ರಾಸಾಯನಿಕ ಅಪಘಾತ ನಿಯಮಗಳ ಪ್ರಕಾರ ಜಿಲ್ಲಾಧಿಕಾರಿಯ ಅಧ್ಯಕ್ಷತೆಯಲ್ಲಿ ಜಿಲ್ಲಾ ಬಿಕ್ಕಟ್ಟು ನಿರ್ವಹಣಾ ತಂಡವೂ ಇರಬೇಕು.

ಕಾರ್ಮಿಕರಿಗೂ ಹಕ್ಕಿದೆ. ಪ್ರಾಣಕ್ಕೆ ಅಪಾಯ ಎದುರಾಗಿದೆ ಎನಿಸಿದರೆ ಮಾಲೀಕರನ್ನು ಎಚ್ಚರಿಸುವ ಹಕ್ಕನ್ನು 1987ರಲ್ಲಿ ಕಾರ್ಖಾನೆ ಕಾಯ್ದೆಗೆ ಸೇರಿಸಲಾಯಿತು. 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯಲ್ಲೂ ಅದು ಉಳಿದಿದೆ.

ಕಾಗದದಲ್ಲಿದ್ದರೆ ಸಾಕೇ?

ಸಾಲದು. 2020ರ ಮೇ 7ರ ನಸುಕಿನಲ್ಲಿ ವಿಶಾಖಪಟ್ಟಣದ ಎಲ್‌ಜಿ ಪಾಲಿಮರ್ಸ್‌ನಿಂದ ಸ್ಟೈರೀನ್ ಆವಿ ಹೊರಬಂತು. ಲಾಕ್‌ಡೌನ್‌ನಲ್ಲಿ ಟ್ಯಾಂಕಿನಲ್ಲೇ ಉಳಿದ ದ್ರವ ತಾನೇ ಬಿಸಿಯಾಗುತ್ತಾ ಹೋಗಿತ್ತು. 12 ಜನ ಸತ್ತರು. ಅಪಾಯದ ಸೈರನ್ ಇದ್ದರೂ ಮೊಳಗಿಸಿರಲಿಲ್ಲ ಎಂದು ಸರ್ಕಾರದ ತನಿಖಾ ಸಮಿತಿ ಹೇಳಿತು. ಆರು ತಿಂಗಳಿಗೊಮ್ಮೆ ಅಣಕು ಪ್ರದರ್ಶನ ಮಾಡಿ ಎನ್ನುವುದು ಇದಕ್ಕೇ. ಗುಂಡಿ ಎಲ್ಲಿದೆ, ಯಾರು ಒತ್ತಬೇಕು ಎನ್ನುವುದು ಕೈಗೆ ರೂಢಿಯಾಗಿರಬೇಕು.

ಹಾಗಾದರೆ ಒದ್ದೆ ಬಟ್ಟೆ, ಬೆಲ್ಲ, ಹಾಲು?

ಒದ್ದೆ ಬಟ್ಟೆ: ಅಮೋನಿಯಾ, ಕ್ಲೋರಿನ್‌ನಂಥ ನೀರಿನಲ್ಲಿ ಕರಗುವ ಅನಿಲಗಳನ್ನು ಸ್ವಲ್ಪ ತಡೆಯಬಹುದು. ಪಾರಾಗುವಾಗ ಕೆಲ ನಿಮಿಷ ಉಪಯೋಗಕ್ಕೆ ಬಂದೀತು. ಅದನ್ನು ಕಟ್ಟಿಕೊಂಡು ಅಲ್ಲೇ ನಿಂತು ವಿಡಿಯೋ ಮಾಡುವುದು ಆತ್ಮಹತ್ಯೆ.

ಬೆಲ್ಲ, ಹಾಲು: ವಿಷಾನಿಲ ಹೋಗುವುದು ಶ್ವಾಸಕೋಶಕ್ಕೆ, ಇವು ಹೋಗುವುದು ಹೊಟ್ಟೆಗೆ. ಇವುಗಳಿಂದ ರಕ್ಷಣೆ ಇಲ್ಲ.

ಓಡುವುದು: ದಿಕ್ಕು ಮುಖ್ಯ. ಗಾಳಿ ಬೀಸುವ ದಿಕ್ಕಿಗೇ ಓಡಿದರೆ ಅನಿಲವೂ ನಿಮ್ಮ ಜೊತೆಗೇ ಬರುತ್ತದೆ. ಗಾಳಿಗೆ ಅಡ್ಡವಾಗಿ ಸರಿದು ಅನಿಲದ ಹಾದಿಯಿಂದ ಹೊರಬನ್ನಿ. ಕ್ಲೋರಿನ್ ಗಾಳಿಗಿಂತ ಸುಮಾರು ಎರಡೂವರೆ ಪಟ್ಟು ಭಾರ. ತಗ್ಗಿನಲ್ಲಿ, ನೆಲಮಾಳಿಗೆಯಲ್ಲಿ ಕೂತುಬಿಡುತ್ತದೆ. ಎತ್ತರದ ಜಾಗ ಮೇಲು. ಹೊರಬರಲು ಆಗದಿದ್ದರೆ ಕಿಟಕಿ ಬಾಗಿಲು ಮುಚ್ಚಿ, ಫ್ಯಾನ್, ಎಸಿ ಆರಿಸಿ, ಸಂದಿಗಳಿಗೆ ಒದ್ದೆ ಬಟ್ಟೆ ತುರುಕಿ ಒಳಗೇ ಇದ್ದು 112ಕ್ಕೆ ಕರೆ ಮಾಡಿ.

ನಾವು ಏನು ಮಾಡಬಹುದು?

ನಿಮ್ಮ ಮನೆಯ ಹತ್ತಿರ ಇಂಥ ಘಟಕವಿದ್ದರೆ ಮೂರು ಪ್ರಶ್ನೆ ಕೇಳಿ: ಒಳಗೆ ಯಾವ ರಾಸಾಯನಿಕವಿದೆ? ಸೈರನ್ ಹೇಗೆ ಕೇಳಿಸುತ್ತದೆ? ಅದು ಕೇಳಿಸಿದರೆ ನಾವು ಎಲ್ಲಿಗೆ ಹೋಗಬೇಕು? ಘಟಕದವರು ಉತ್ತರಿಸದಿದ್ದರೆ ಕರ್ನಾಟಕದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಗೆ, ಜಿಲ್ಲಾಧಿಕಾರಿ ಕಚೇರಿಗೆ ಬರೆದು ಕೇಳಬಹುದು. ಮಾಹಿತಿ ಹಕ್ಕಿನ ಅರ್ಜಿಯನ್ನೂ ಹಾಕಬಹುದು.

ಸೋರಿಕೆಯ ಹಳೆಯ ವಿಡಿಯೋ ಫಾರ್ವರ್ಡ್ ಮಾಡಿದರೆ ಗಾಬರಿ ಹರಡುತ್ತದೆ, ಅಷ್ಟೇ. ಅದರ ಬದಲು ಈ ಮೂರು ಪ್ರಶ್ನೆಗಳನ್ನು ನಿಮ್ಮ ಬಡಾವಣೆಯ ಗುಂಪಿಗೆ ಕಳಿಸಿ.