ಶ್ರಮಬಿಂದು ಸಾಗರವಾದ ಬಗೆ



ಹೊಸ ಅಂಗಡಿ ತೆರೆಯುವವರು, ಮಗ್ಗ ಹೂಡುವವರು, ಬಾವಿ ತೋಡಿಸುವವರು, ಮಕ್ಕಳನ್ನು ಉನ್ನತ ವಿದ್ಯಾಭ್ಯಾಸಕ್ಕೆ ಕಳುಹಿಸುವವರು ಮೊದಲು ಮಠಕ್ಕೆ ಬಂದು ಆಶೀರ್ವಾದ ಬೇಡುವುದು ನಮ್ಮ ನಾಡಿನ ಸಂಪ್ರದಾಯ. ಸಂಕಲ್ಪ ಮಾಡುವುದು ಸುಲಭ. ಅದು ಫಲಿಸುವುದು ದುರ್ಲಭ. ಇವೆರಡರ ನಡುವಿನ ದಾರಿಯನ್ನು ಅರಿಯಲು ದೂರದೇಶಗಳ ಚರಿತ್ರೆಯನ್ನು ಶೋಧಿಸಬೇಕಾಗಿಲ್ಲ. ಜಮಖಂಡಿ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಅಡ್ಡಲಾಗಿ ನಿಂತಿರುವ ಬ್ಯಾರೇಜಿನ ಇತಿಹಾಸವೇ ಅದನ್ನು ಬೋಧಿಸುತ್ತದೆ.

ನಮ್ಮ ಸೀಮೆಯ ಸ್ಥಿತಿಯನ್ನು ಮೊದಲು ನೆನೆಯೋಣ. ಜಮಖಂಡಿಯ ಬಳಿ ಕೃಷ್ಣೆ, ಮುಧೋಳದ ಬಳಿ ಘಟಪ್ರಭೆ. ಎರಡು ಮಹಾನದಿಗಳ ನಡುವಿನ ನಾಡಿದು. ಆದರೂ ಇದು ಬರದ ನಾಡೆಂದೇ ಹೆಸರಾಗಿತ್ತು. ಮಳೆಗಾಲದಲ್ಲಿ ದಡ ಮೀರಿ ಹರಿಯುತ್ತಿದ್ದ ನದಿ ಬೇಸಿಗೆ ಬರುವಷ್ಟರಲ್ಲಿ ಮಳಲಾಗುತ್ತಿತ್ತು. ಕಣ್ಣೆದುರೇ ನೀರು ಹರಿದುಹೋಗುತ್ತಿದ್ದರೂ ಹೊಲ ಒಣಗುವುದನ್ನು ರೈತನು ನೋಡುತ್ತ ಕುಳಿತುಕೊಳ್ಳಬೇಕಾಗುತ್ತಿತ್ತು.

ಈ ನೀರನ್ನು ಹಿಡಿದು ನಿಲ್ಲಿಸುವ ದೊಡ್ಡ ಸಂಕಲ್ಪವೊಂದು ಆಲಮಟ್ಟಿಯಲ್ಲಿ ನಡೆಯಿತು. 1964ರ ಮೇ 22ರಂದು ಲಾಲ ಬಹಾದ್ದೂರ ಶಾಸ್ತ್ರಿಯವರು ಅಲ್ಲಿ ಅಡಿಗಲ್ಲನ್ನಿಟ್ಟರು. ಜಲಾಶಯವು ರಾಷ್ಟ್ರಕ್ಕೆ ಸಮರ್ಪಣೆಯಾದದ್ದು 2006ರಲ್ಲಿ, ರಾಷ್ಟ್ರಪತಿ ಅಬ್ದುಲ್ ಕಲಾಮ್ ಅವರಿಂದ. ನಡುವೆ ನಾಲ್ಕು ದಶಕಗಳೇ ಸಂದವು. ಬೀಳಗಿ ತಾಲೂಕಿನ ಅನೇಕ ಗ್ರಾಮಗಳು ಹಿನ್ನೀರಿನಲ್ಲಿ ಮುಳುಗಡೆಯಾದವು. ಹಿರಿಯರ ಮನೆ, ಗುಡಿ, ಫಲವತ್ತಾದ ಭೂಮಿಯನ್ನು ಬಿಟ್ಟು ಜನರು ಪುನರ್ವಸತಿ ಕೇಂದ್ರಗಳಿಗೆ ತೆರಳಿದರು. ಅವರ ತ್ಯಾಗವನ್ನು ನೆನೆಯದೆ ಕೃಷ್ಣೆಯ ನೀರಿನ ಮಾತನ್ನಾಡುವುದು ಧರ್ಮವಲ್ಲ. ಇಂಥ ಬೃಹತ್ ಕಾರ್ಯ ರಾಜ್ಯಶಕ್ತಿಯಿಂದ ಮಾತ್ರ ಸಾಧ್ಯ. ಅದರ ವಿಳಂಬವನ್ನು ಹಳಿಯುವುದು ನಮ್ಮ ಉದ್ದೇಶವಲ್ಲ. ಆದರೆ ಆ ಕಾಲದಲ್ಲಿ ಜಮಖಂಡಿಯ ರೈತರ ಮುಂದೆ ಒಂದು ಪ್ರಶ್ನೆಯಿತ್ತು: ದೊಡ್ಡದು ಆಗುವವರೆಗೆ ಕೈಕಟ್ಟಿ ಕೂಡುವುದೋ, ನಮ್ಮ ಕೈಗೆಟಕುವುದನ್ನು ನಾವು ಮಾಡುವುದೋ?

ಅವರು ಎರಡನೆಯದನ್ನು ಆರಿಸಿಕೊಂಡರು. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ಕೃಷ್ಣಾ ತೀರ ರೈತ ಸಂಘವು ಒಗ್ಗೂಡಿತು. ಸರ್ಕಾರದ ಬೊಕ್ಕಸಕ್ಕೆ ಕೈಯೊಡ್ಡದೆ ರೈತರೇ ಹಣ ಕೂಡಿಸಿದರು. ಹಣದೊಡನೆ ಮೈಯ ದುಡಿಮೆಯನ್ನೂ ಕೊಟ್ಟರು. 1989ರಲ್ಲಿ ಬ್ಯಾರೇಜು ಎದ್ದು ನಿಂತಿತು. ರೈತರೇ ಕಟ್ಟಿದ ದೇಶದ ಮೊಟ್ಟಮೊದಲ ಖಾಸಗಿ ಬ್ಯಾರೇಜೆಂದು ಅದು ಪ್ರಸಿದ್ಧವಾಯಿತು. ಬೆವರ ಹನಿಗಳ ಗುರುತಾಗಿ ಅದಕ್ಕೆ 'ಶ್ರಮಬಿಂದು ಸಾಗರ'ವೆಂಬ ಅನ್ವರ್ಥನಾಮವು ಬಂದಿತು. 1991ರ ಲೋಕಸಭಾ ಚುನಾವಣೆಯಲ್ಲಿ ಬಾಗಲಕೋಟೆ ಕ್ಷೇತ್ರದ ಮತದಾರರು ಮಾಜಿ ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆಯವರಂಥ ಧೀಮಂತರ ಎದುರು ನ್ಯಾಮಗೌಡರನ್ನು ಆರಿಸಿ ಕಳಿಸಿದರು. ಅವರು ಕೇಂದ್ರದಲ್ಲಿ ಮಂತ್ರಿಗಳೂ ಆದರು. 2018ರ ಮೇ 28ರಂದು ರಸ್ತೆ ಅಪಘಾತದಲ್ಲಿ ತೀರಿಕೊಳ್ಳುವವರೆಗೂ ಜನರು ಅವರನ್ನು ಕರೆದದ್ದು 'ಬ್ಯಾರೇಜ್ ಸಿದ್ದು' ಎಂದೇ. ಪದವಿಗಿಂತ ಕಾರ್ಯವೇ ಮನುಷ್ಯನ ಹೆಸರಾಗಿ ಉಳಿಯುತ್ತದೆ.

ಈ ಕಾರ್ಯವು ಹೇಗೆ ಕೈಗೂಡಿತೆಂಬುದನ್ನು ವಿಚಾರಿಸಿ ನೋಡಿರಿ.

ಮೊದಲನೆಯದು, ಗುರಿಯ ಗಾತ್ರ. 'ಬರವನ್ನು ನೀಗಬೇಕು' ಎಂಬುದು ಆಸೆ. 'ಈ ಊರ ಬಳಿ, ಈ ನದಿಗೆ, ಇಷ್ಟು ಎತ್ತರದ ಗೋಡೆ' ಎಂಬುದು ಗುರಿ. ಬ್ಯಾರೇಜು ಜಲಾಶಯದಂತಲ್ಲ, ನೆರೆ ಇಳಿದ ಮೇಲೆ ಹರಿವ ನೀರನ್ನು ಬಹುಮಟ್ಟಿಗೆ ನದಿಯ ಪಾತ್ರದೊಳಗೇ ತಡೆದು ನಿಲ್ಲಿಸುವಂಥದು. ಆದುದರಿಂದ ರೈತರ ಶಕ್ತಿಗೆ ಅದು ಎಟಕುವಂತಿತ್ತು.

ಎರಡನೆಯದು, ಪಾಲುಗಾರಿಕೆ. ಯಾರ ಹೊಲಕ್ಕೆ ನೀರು ಬರುವುದೋ ಅವರ ಕಿಸೆಯಿಂದಲೇ ಹಣವೂ ಬಂದಿತು. ಸ್ವಂತ ದುಡ್ಡು ತೊಡಗಿಸಿದವನು ಕೆಲಸ ಅರ್ಧಕ್ಕೆ ನಿಲ್ಲಲು ಬಿಡುವುದಿಲ್ಲ. ಪ್ರತಿ ರೂಪಾಯಿಯ ಲೆಕ್ಕವನ್ನೂ ಕೇಳುತ್ತಾನೆ.

ಮೂರನೆಯದು, ಕಾಲದ ಕಟ್ಟು. ನದಿಯ ಪಾತ್ರದಲ್ಲಿ ಅಡಿಪಾಯ ಹಾಕುವವರಿಗೆ ಮಳೆಗಾಲವೇ ಗಡುವು. ಮಹಾಪೂರವು ಯಾರ ನೆಪವನ್ನೂ ಕೇಳುವುದಿಲ್ಲ. ನಮ್ಮ ಅನೇಕ ಸಂಕಲ್ಪಗಳು ಕೆಡುವುದು ಶಕ್ತಿಯ ಕೊರತೆಯಿಂದಲ್ಲ, ಗಡುವಿನ ಕೊರತೆಯಿಂದ.

ಈ ಮೂರು ಸೂತ್ರಗಳು ರೈತನಿಗೆ ಮಾತ್ರ ಮೀಸಲಲ್ಲ. ರಬಕವಿ-ಬನಹಟ್ಟಿಯ ನೇಕಾರನನ್ನು ನೋಡಿರಿ. 'ಸೀರೆ ನೇಯಬೇಕು' ಎಂದು ಅವನು ಗಾಳಿಯಲ್ಲಿ ಲಾಳಿ ಎಸೆಯುವುದಿಲ್ಲ. ಹಾಸಿಗೆ ಎಷ್ಟು ನೂಲು, ಹೊಕ್ಕಿಗೆ ಎಷ್ಟು, ದಿನಕ್ಕೆ ಎಷ್ಟು ಗಜ ಎಂಬ ಲೆಕ್ಕವು ಮೊದಲೇ ಅವನ ಬೆರಳ ತುದಿಯಲ್ಲಿರುತ್ತದೆ. ಆದರೆ ಸಾವಕಾರರಿಂದ ನೂಲು ತಂದು ಕೂಲಿಗೆ ನೇಯುವವನು ತನ್ನದೇ ಮಗ್ಗಗಳ ಒಡೆಯನಾಗಬೇಕೆಂದಾಗ, ಮಗ್ಗದ ಮೇಲಿನ ಈ ಲೆಕ್ಕವನ್ನು ಬಾಳಿನ ಮೇಲೆ ಹಾಕುವುದನ್ನು ಮರೆಯುತ್ತಾನೆ. ನೂಲಿನ ಬೆಲೆ, ವಿದ್ಯುತ್ತಿನ ಖರ್ಚು, ಮಾರಾಟದ ಹಣ ಕೈಸೇರುವ ದಿನ, ಸಾಲದ ಕಂತು, ಇವನ್ನು ಒಂದೇ ಕಾಗದದ ಮೇಲೆ ಬರೆದು, ತಿಂಗಳಿಗೊಮ್ಮೆ ಮನೆಮಂದಿಯೆದುರು ಓದಲಿ. ಮುಧೋಳದ ಕಬ್ಬು ಬೆಳೆಗಾರನಿಗೂ ಇದೇ ಮಾತು: ಬೀಜ, ಗೊಬ್ಬರದ ಖರ್ಚು ಇಂದು, ಕಾರ್ಖಾನೆಯ ಬಿಲ್ಲು ವರ್ಷದಾಚೆ. ಈ ಅಂತರವನ್ನು ಎಣಿಸದವನ ದುಡಿಮೆ ಬಡ್ಡಿಗೆ ಹೋಗುತ್ತದೆ.

ಇನ್ನೊಂದು ಮಾತನ್ನು ಹೇಳದಿದ್ದರೆ ಈ ಇತಿಹಾಸವು ಅಪೂರ್ಣ. ಫಲ ದೊರೆತ ದಿನವೇ ಸಂಕಲ್ಪವು ಮುಗಿಯುವುದಿಲ್ಲ. ಬ್ಯಾರೇಜು ಕಟ್ಟಿದ ಮೇಲೂ ರೈತರ ಸಂಘವು ವಿಶ್ರಮಿಸಲಿಲ್ಲ. ನೀರು ಸಾಲದಾದಾಗ ಹಿನ್ನೀರನ್ನು ಪಂಪುಗಳಿಂದ ಎತ್ತಿ ಸಾಗರವನ್ನು ತುಂಬಿಸುವ ಕಾರ್ಯವನ್ನೂ ಕೈಗೊಂಡಿತು. ಅದೇ ವೇಳೆ ನೀರಿನ ಸಮೃದ್ಧಿಯು ಹೊಸ ಸಂಕಟವನ್ನು ತಂದಿದೆ. ಅಳತೆಯಿಲ್ಲದೆ ನೀರು ಹಾಯಿಸಿ, ಕಬ್ಬಿನ ಮೇಲೆ ಕಬ್ಬು ಬೆಳೆದುದರಿಂದ ಈ ಭಾಗದ ಎರೆಭೂಮಿಯು ಅಲ್ಲಲ್ಲಿ ಸವುಳು-ಜವುಳಾಗಿದೆ. ನೀರಿಲ್ಲದೆ ಒಣಗಿದ ಹೊಲ ಒಂದು ಮಳೆಗೆ ಚೇತರಿಸಿಕೊಂಡೀತು. ಉಪ್ಪೇರಿದ ಹೊಲ ಬೇಗ ಚೇತರಿಸಿಕೊಳ್ಳದು. ತಂದೆಯ ಕಾಲದ ಗುರಿ ನೀರನ್ನು ತರುವುದಾಗಿತ್ತು. ಮಗನ ಕಾಲದ ಗುರಿ ನೀರನ್ನು ಮಿತಗೊಳಿಸಿ ಮಣ್ಣನ್ನು ಉಳಿಸುವುದಾಗಬೇಕು. ಬಸಿಗಾಲುವೆ, ಬೆಳೆಯ ಬದಲಾವಣೆ, ಹನಿ ನೀರಾವರಿ ಇವು ಒಬ್ಬೊಬ್ಬರಿಂದ ಪೂರ್ಣವಾಗಿ ಆಗತಕ್ಕವಲ್ಲ. ಮೇಲಿನ ಹೊಲದವನು ಹಾಯಿಸಿದ ಹೆಚ್ಚಿನ ನೀರೇ ಕೆಳಗಿನ ಹೊಲವನ್ನು ಕೆಡಿಸುತ್ತದೆ. ಆದ್ದರಿಂದ 1989ರ ಒಗ್ಗಟ್ಟು ಇಂದು ಇನ್ನೊಮ್ಮೆ ಬೇಕಾಗಿದೆ.

ದುಡಿಮೆಯನ್ನು ಕಾಯಕವೆಂದೂ, ಅದರ ಫಲವನ್ನು ಹಂಚಿಕೊಳ್ಳುವುದನ್ನು ದಾಸೋಹವೆಂದೂ ಕರೆದ ಪರಂಪರೆ ನಮ್ಮದು. ಆಶೀರ್ವಾದವು ಧೈರ್ಯವನ್ನು ಕೊಡಬಲ್ಲದು, ಲೆಕ್ಕವನ್ನು ಬರೆದುಕೊಡಲಾರದು. ಮುಂದೆ ಸಂಕಲ್ಪ ಮಾಡುವಾಗ ತಾವು ಮೂರು ಪ್ರಶ್ನೆಗಳನ್ನು ಕೇಳಿಕೊಳ್ಳಿರಿ: ಇದು ನನ್ನ ಕೈಗೆಟಕುವಷ್ಟಿದೆಯೇ? ಇದರ ಭಾರವನ್ನು ನನ್ನೊಡನೆ ಹೊರುವವರು ಯಾರು? ಯಾವ ಮಳೆಯ ಮೊದಲು ಇದು ಮುಗಿಯಬೇಕು? ಉತ್ತರ ದೊರೆತ ದಿನವೇ ಮೊದಲ ಕಲ್ಲನ್ನು ಇಡಿರಿ.