ಈ ಬಾಗಿಲು ತೆರೆದ ಕಾನೂನು ಯಾವುದು?



ಕಳೆದ ವರ್ಷ ಜುಲೈಯಲ್ಲಿ ಅಕ್ಕನ ಮಗಳು ನ್ಯೂಜೆರ್ಸಿಯಿಂದ ನಾಶಿಕದ ನಮ್ಮ ಮನೆಗೆ ಬಂದಿದ್ದಳು. ಏಳನೇ ತರಗತಿ ಮುಗಿಸಿದ ಹುಡುಗಿ. ಶಾಲೆಯಲ್ಲಿ ಅಮೆರಿಕದ ಸರ್ಕಾರದ ಬಗ್ಗೆ ಪಾಠವಿತ್ತಂತೆ. ಮಸೂದೆಯೊಂದು ಕಾನೂನಾಗುವುದು ಹೇಗೆ ಎಂದು ತಾನು ಬರೆದಿದ್ದ ಚಾರ್ಟನ್ನು ಫೋನಿನಲ್ಲಿ ತೋರಿಸಿದಳು. ಒಂದು ಸದನದಲ್ಲಿ ಮಂಡನೆ, ಸಮಿತಿಯ ಪರಿಶೀಲನೆ, ಚರ್ಚೆ, ಮತದಾನ. ಇನ್ನೊಂದು ಸದನದಲ್ಲಿ ಮತ್ತೆ ಅದೇ ಕ್ರಮ. ಕೊನೆಗೆ ಅಧ್ಯಕ್ಷರ ಸಹಿ. ಅಧ್ಯಕ್ಷರು ವೀಟೋ ಹಾಕಿದರೂ ಎರಡೂ ಸದನಗಳು ಮೂರನೇ ಎರಡರಷ್ಟು ಬಹುಮತದಿಂದ ಅದನ್ನು ಮೀರಬಹುದು. ಹತ್ತು ವರ್ಷಗಳಿಂದ ಫ್ಲೋಚಾರ್ಟ್ ಬರೆದೇ ಸಂಬಳ ಎಣಿಸುತ್ತಿರುವ ನನಗೆ ಅದು ಬಹಳ ಹಿಡಿಸಿತು.

ಮರುದಿನ ಅವಳನ್ನು ಪಂಚವಟಿಯ ಕಾಳಾರಾಮ ಮಂದಿರಕ್ಕೆ ಕರೆದೊಯ್ದೆ. 18ನೇ ಶತಮಾನದ ಕೊನೆಯಲ್ಲಿ ಕಟ್ಟಿದ ಕಪ್ಪು ಕಲ್ಲಿನ ಗುಡಿ. ಒಂದು ಕಾಲದಲ್ಲಿ ಅಸ್ಪೃಶ್ಯರೆಂದು ಕರೆಸಿಕೊಂಡವರಿಗೆ ಇಲ್ಲಿ ಪ್ರವೇಶವಿರಲಿಲ್ಲ, ಅಂಬೇಡ್ಕರ್ ಅವರು ಇಲ್ಲೇ ಸತ್ಯಾಗ್ರಹ ಮಾಡಿದರು ಎಂದು ಹೇಳಿದೆ. ಅವಳು ಮಹಾದ್ವಾರದ ಕಡೆ ನೋಡಿ ಕೇಳಿದಳು: "ಮಾವಶಿ, ಹಂಗಾದ್ರ ಈ ಬಾಗಿಲಾ ಯಾವ ಬಿಲ್‌ನಿಂದ ತಗದ್ರು?"

ಧಾರವಾಡದ ಕಡೆಯಿಂದ ಮದುವೆಯಾಗಿ ಬಂದು ನಾಶಿಕದಲ್ಲಿ ಎಂಟು ವರ್ಷ ಕಳೆದ ನನಗೆ ಉತ್ತರ ಗೊತ್ತಿರಲಿಲ್ಲ. ಆ ರಾತ್ರಿ ಓದಲು ಕುಳಿತೆ. ವೇರುಳದ ಗುಹೆಗಳನ್ನು ನೋಡಲು ಛತ್ರಪತಿ ಸಂಭಾಜಿನಗರಕ್ಕೆ ಹೋಗುವುದು ಮೊದಲೇ ನಿಶ್ಚಯವಾಗಿತ್ತು. ಅವಳ ಪ್ರಶ್ನೆಗೆ ಉತ್ತರವೂ ಅದೇ ದಾರಿಯಲ್ಲಿ, ನಾಶಿಕ, ಯೇವಲಾ, ಸಂಭಾಜಿನಗರ ಎಂಬ ಮೂರು ಊರುಗಳಲ್ಲಿ ಹರಡಿಕೊಂಡಿದೆ ಎಂದು ಓದುತ್ತಾ ಹೋದಂತೆ ತಿಳಿಯಿತು.

ನಾಶಿಕ: ಬಾಗಿಲ ಹೊರಗೆ

ಕಥೆ ಶುರುವಾಗುವುದು ಒಂದು ಠರಾವಿನಿಂದ. 1923ರಲ್ಲಿ ಮುಂಬೈ ಶಾಸಕಾಂಗ ಪರಿಷತ್ತಿನಲ್ಲಿ ಎಸ್. ಕೆ. ಬೋಲೆ ಅವರು ತಂದ ಠರಾವು ಅಂಗೀಕಾರವಾಯಿತು. ಸರ್ಕಾರದ ಹಣದಲ್ಲಿ ನಡೆಯುವ ಕೆರೆ, ಬಾವಿ, ಶಾಲೆ, ಧರ್ಮಶಾಲೆಗಳು ಅಸ್ಪೃಶ್ಯರಿಗೂ ತೆರೆದಿರಬೇಕು ಎಂಬುದು ಅದರ ತಿರುಳು. ಆದರೆ ಠರಾವು ಸದನದ ಅಭಿಪ್ರಾಯ ಮಾತ್ರ. ಪಾಲಿಸದವರಿಗೆ ಅದರಲ್ಲಿ ಶಿಕ್ಷೆಯಿಲ್ಲ. ಹಾಗಾಗಿಯೇ ನಾಲ್ಕು ವರ್ಷಗಳ ನಂತರ, 1927ರ ಮಾರ್ಚ್ 20ರಂದು, ಮಹಾಡದ ಚವದಾರ ಕೆರೆಯಲ್ಲಿ ಒಂದು ಬೊಗಸೆ ನೀರು ಕುಡಿಯಲು ಅಂಬೇಡ್ಕರ್ ಅವರು ಸಾವಿರಾರು ಜನರೊಂದಿಗೆ ನಡೆದು ಹೋಗಬೇಕಾಯಿತು.

ಕಾಳಾರಾಮ ಮಂದಿರದ ಸತ್ಯಾಗ್ರಹ ಆರಂಭವಾದದ್ದು 1930ರ ಮಾರ್ಚ್ 2ರಂದು. ಮೆರವಣಿಗೆ ಬಂದಾಗ ಗುಡಿಯ ಬಾಗಿಲುಗಳನ್ನು ಮುಚ್ಚಲಾಗಿತ್ತು. ಮರುದಿನ ನಾಲ್ಕು ಬಾಗಿಲುಗಳ ಎದುರು ಮೊದಲ ತಂಡ ಕುಳಿತಿತು: 125 ಗಂಡಸರು, 25 ಹೆಂಗಸರು. ಆ ಇಪ್ಪತ್ತೈದು ಹೆಂಗಸರ ಬಗ್ಗೆ ಓದುವಾಗ ನಾನು ಸ್ವಲ್ಪ ಹೊತ್ತು ಮುಂದೆ ಹೋಗಲಿಲ್ಲ. ಮನೆಯಲ್ಲಿ ಮಕ್ಕಳನ್ನು ಯಾರ ಬಳಿ ಬಿಟ್ಟು ಬಂದಿದ್ದರೋ, ರಾತ್ರಿಯ ಅಡುಗೆಗೆ ಏನು ಮಾಡಿದರೋ. ನಾಶಿಕ ಜಿಲ್ಲೆಯವರೇ ಆದ ದಾದಾಸಾಹೇಬ ಗಾಯಕವಾಡರು ಸ್ಥಳೀಯ ನಾಯಕತ್ವ ವಹಿಸಿದ್ದರು. ಆ ವರ್ಷದ ರಾಮನವಮಿಯ ರಥೋತ್ಸವದಲ್ಲಿ ಘರ್ಷಣೆಯಾಗಿ ಕಲ್ಲುಗಳು ತೂರಿ ಬಂದವು. ಸತ್ಯಾಗ್ರಹ ನಿಂತೂ ನಡೆದೂ ವರ್ಷಗಟ್ಟಲೆ ಸಾಗಿತು. ಬಾಗಿಲು ತೆರೆಯಲಿಲ್ಲ.

1934ರ ಮಾರ್ಚ್‌ನಲ್ಲಿ ಅಂಬೇಡ್ಕರ್ ಅವರು ಗಾಯಕವಾಡರಿಗೆ ಪತ್ರ ಬರೆದರು. ಗುಡಿಯೊಳಗೆ ಹೋಗುವುದೇ ಪರಮ ಗುರಿ ಎಂದು ತಾವು ಈ ಚಳವಳಿ ಹೂಡಿರಲಿಲ್ಲ, ತಮ್ಮ ಜನರಿಗೆ ಅವರ ಸ್ಥಿತಿಯ ಅರಿವು ಮೂಡಿಸುವುದು ಉದ್ದೇಶವಾಗಿತ್ತು, ಇನ್ನು ಶಿಕ್ಷಣ ಮತ್ತು ರಾಜಕೀಯದ ಕಡೆ ಶಕ್ತಿ ಹರಿಯಲಿ ಎಂಬುದು ಅದರ ಸಾರ.

ಯೇವಲಾ: ದಾರಿಯ ತಿರುವು

ನಾಶಿಕದಿಂದ ಸಂಭಾಜಿನಗರಕ್ಕೆ ಹೋಗುವ ದಾರಿಯಲ್ಲೇ ಯೇವಲಾ ಸಿಗುತ್ತದೆ. ಪೈಠಣಿ ಸೀರೆ ಎಂದರೆ ನಮಗೆಲ್ಲ ನೆನಪಾಗುವ ಊರು. ಸೀರೆಗಾಗಿ ಎರಡು ಬಾರಿ ಹೋಗಿದ್ದೆ. ಅದೇ ಊರಿನಲ್ಲಿ 1935ರ ಅಕ್ಟೋಬರ್ 13ರಂದು ಅಂಬೇಡ್ಕರ್ ಅವರು ತಾವು ಹಿಂದೂವಾಗಿ ಹುಟ್ಟಿದರೂ ಹಿಂದೂವಾಗಿ ಸಾಯುವುದಿಲ್ಲ ಎಂದು ಘೋಷಿಸಿದ್ದರು. ಮುಚ್ಚಿದ ಬಾಗಿಲಿನ ಎದುರು ಐದು ವರ್ಷ ಕಾದ ಮೇಲೆ ಬಂದ ಮಾತು ಅದು. ಈಗ ಅಲ್ಲಿ ಮುಕ್ತಿಭೂಮಿ ಎಂಬ ಸ್ಮಾರಕವಿದೆ. ಈ ಬಾರಿ ಮೊದಲು ಅಲ್ಲಿಗೆ ಹೋಗಿ, ಆಮೇಲೆ ಸೀರೆ ಅಂಗಡಿಗೆ ಹೋದೆವು.

ಕಾರಿನಲ್ಲಿ ಹುಡುಗಿಯ ಪ್ರಶ್ನೆಗೆ ಉತ್ತರ ಕೊಟ್ಟೆ. ಬಿಲ್‌ನ ಹೆಸರೇ ಬೇಕಿದ್ದರೆ, ಅದು 1947ರ ಮುಂಬೈ ಹರಿಜನ ದೇವಾಲಯ ಪ್ರವೇಶ ಕಾಯ್ದೆ. ಪ್ರಾಂತ್ಯದ ಶಾಸಕಾಂಗ ಮಾಡಿದ್ದು. ಆದರೆ ಒಂದು ಶಾಸಕಾಂಗ ಮಾಡಿದ ಕಾಯ್ದೆಯನ್ನು ಮುಂದೆ ಬಂದ ಶಾಸಕಾಂಗ ತೆಗೆದುಹಾಕಬಹುದು. ಸಾಮಾನ್ಯ ಬಹುಮತ ಮುಟ್ಟದ ಜಾಗದಲ್ಲಿ ತತ್ವವನ್ನು ಇಡುವುದು ಸಂವಿಧಾನದ ಕೆಲಸ. 1948ರ ನವೆಂಬರ್ 29ರಂದು ಸಂವಿಧಾನ ರಚನಾ ಸಭೆ ಅಸ್ಪೃಶ್ಯತೆಯನ್ನು ರದ್ದುಗೊಳಿಸುವ ವಿಧಿಯನ್ನು ಒಪ್ಪಿಕೊಂಡಿತು. ಅಂದು ಮಾತನಾಡಿದವರಲ್ಲಿ ಸಭೆಯ ಏಕೈಕ ದಲಿತ ಮಹಿಳೆ ದಾಕ್ಷಾಯಣಿ ವೇಲಾಯುಧನ್ ಅವರೂ ಒಬ್ಬರು. ಅದೇ ಇಂದಿನ 17ನೇ ವಿಧಿ. ಅಸ್ಪೃಶ್ಯತೆಯ ಆಚರಣೆ ಯಾವ ರೂಪದಲ್ಲಿದ್ದರೂ ಅದಕ್ಕೆ ನಿಷೇಧ. ಅಸ್ಪೃಶ್ಯತೆ ಎಂದರೇನು ಎಂಬ ವ್ಯಾಖ್ಯಾನ ಸಂವಿಧಾನದಲ್ಲಿ ಎಲ್ಲೂ ಇಲ್ಲ.

ಅಮೆರಿಕದ ಜೊತೆ ಹೋಲಿಸಿದರೆ ಈ ವಿಧಿಯ ಬಲ ಗೊತ್ತಾಗುತ್ತದೆ. ಅಲ್ಲಿ ಗುಲಾಮಗಿರಿಯನ್ನು ಕೊನೆಗಾಣಿಸಿದ 13ನೇ ತಿದ್ದುಪಡಿ 1865ರಲ್ಲಿ ಬಂತು, ಸಮಾನ ರಕ್ಷಣೆಯ ಮಾತಾಡಿದ 14ನೇ ತಿದ್ದುಪಡಿ 1868ರಲ್ಲಿ. ಹೋಟೆಲು, ನಾಟಕಶಾಲೆ, ರೈಲುಗಳಲ್ಲಿ ಭೇದಭಾವ ಕೂಡದು ಎಂದು 1875ರಲ್ಲೇ ಕಾಯ್ದೆಯೂ ಆಯಿತು. ಆದರೆ 14ನೇ ತಿದ್ದುಪಡಿ ಕಟ್ಟುಹಾಕುವುದು ರಾಜ್ಯಗಳನ್ನು, ಹೋಟೆಲಿನ ಮಾಲೀಕನನ್ನಲ್ಲ ಎಂದು 1883ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಆ ಕಾಯ್ದೆಯನ್ನು ತಳ್ಳಿಹಾಕಿತು. 1964ರ ನಾಗರಿಕ ಹಕ್ಕುಗಳ ಕಾಯ್ದೆ ಬರುವ ತನಕ ಎಂಬತ್ತೊಂದು ವರ್ಷ ಹಿಡಿಯಿತು. ಅದಕ್ಕೂ ಮೊದಲು, 1960ರಲ್ಲಿ, ಗ್ರೀನ್ಸ್‌ಬರೋದ ಊಟದ ಕೌಂಟರಿನಲ್ಲಿ ನಾಲ್ವರು ಕಪ್ಪು ವಿದ್ಯಾರ್ಥಿಗಳು ಹೋಗಿ ಕುಳಿತಿದ್ದರು. ನಾಶಿಕದವರು ಬಾಗಿಲ ಹೊರಗೆ ಕುಳಿತರು, ಅವರು ಕೌಂಟರಿನ ಎದುರು ಕುಳಿತರು.

1913ರಿಂದ 1916ರವರೆಗೆ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಓದಿದವರು ಅಂಬೇಡ್ಕರ್. ಅವರು ಅಧ್ಯಕ್ಷರಾಗಿದ್ದ ಕರಡು ಸಮಿತಿಯ ಸಂವಿಧಾನದಲ್ಲಿ 17ನೇ ವಿಧಿ ಸರ್ಕಾರವನ್ನಷ್ಟೇ ಅಲ್ಲ, ನಿಮ್ಮನ್ನು, ನನ್ನನ್ನು, ಅಂಗಡಿಯವನನ್ನೂ ನೇರವಾಗಿ ಕಟ್ಟುಹಾಕುತ್ತದೆ.

ತತ್ವಕ್ಕೆ ಶಿಕ್ಷೆಯ ಬಲ ಬೇಕು. ಈ ಅಪರಾಧಕ್ಕೆ ಶಿಕ್ಷೆ ನಿಗದಿಪಡಿಸುವ ಅಧಿಕಾರವನ್ನು 35ನೇ ವಿಧಿ ಸಂಸತ್ತಿಗೆ ಮಾತ್ರ ಕೊಟ್ಟಿದೆ. ನಮ್ಮಲ್ಲೂ ಮಸೂದೆ ಎರಡೂ ಸದನ ದಾಟಿ ರಾಷ್ಟ್ರಪತಿಗಳ ಅಂಕಿತಕ್ಕೆ ಹೋಗುತ್ತದೆ. ಅವರು ಅದನ್ನು ಮರುಪರಿಶೀಲನೆಗೆ ಹಿಂದಿರುಗಿಸಬಹುದು. ಸಂಸತ್ತು ಮತ್ತೆ ಅಂಗೀಕರಿಸಿದರೆ ಅಂಕಿತ ಹಾಕಲೇಬೇಕು. ಅದಕ್ಕೆ ಮೂರನೇ ಎರಡರ ಬಹುಮತ ಬೇಕಿಲ್ಲ. ಹೀಗೆ ಬಂದದ್ದು 1955ರ ಅಸ್ಪೃಶ್ಯತಾ ಅಪರಾಧಗಳ ಕಾಯ್ದೆ. 1976ರಲ್ಲಿ ಅದನ್ನು ಬಿಗಿಗೊಳಿಸಿ ನಾಗರಿಕ ಹಕ್ಕುಗಳ ಸಂರಕ್ಷಣಾ ಕಾಯ್ದೆ ಎಂದು ಹೆಸರಿಟ್ಟರು.

ಕಾಯ್ದೆಯಾದ ಮೇಲೆ ನ್ಯಾಯಾಲಯದ ಪರೀಕ್ಷೆಯೂ ಇರುತ್ತದೆ. ಅಂಥ ಒಂದು ದೊಡ್ಡ ಪರೀಕ್ಷೆ ನಡೆದದ್ದು ನಮ್ಮ ಕರಾವಳಿಯ ಮೂಲ್ಕಿಯ ವೆಂಕಟರಮಣ ದೇವಾಲಯದ ಮೊಕದ್ದಮೆಯಲ್ಲಿ. ದಕ್ಷಿಣ ಕನ್ನಡ ಆಗ ಮದ್ರಾಸ್ ಪ್ರಾಂತ್ಯದಲ್ಲಿದ್ದುದರಿಂದ ಅಲ್ಲಿನ 1947ರ ದೇವಾಲಯ ಪ್ರವೇಶ ಕಾಯ್ದೆ ಮೂಲ್ಕಿಗೂ ಅನ್ವಯಿಸುತ್ತಿತ್ತು. ಇದು ಗೌಡ ಸಾರಸ್ವತ ಸಮುದಾಯದ ದೇವಾಲಯ, ಇಲ್ಲಿನ ಧಾರ್ಮಿಕ ವಿಷಯ ನಮ್ಮದೇ ಎಂದು ಆಡಳಿತದವರು ವಾದಿಸಿದರು. ಹಿಂದೂಗಳ ಎಲ್ಲ ವರ್ಗಗಳಿಗೂ ಸಾರ್ವಜನಿಕ ದೇವಾಲಯ ತೆರೆದಿರಬೇಕೆಂಬ ತತ್ವವೇ ಮೇಲು ಎಂದು 1957ರ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಸಮುದಾಯದ ಕೆಲವು ವಿಶೇಷ ಸೇವೆಗಳನ್ನು ಮಾತ್ರ ಅವರಿಗೇ ಬಿಟ್ಟುಕೊಟ್ಟಿತು.

ಸಂಭಾಜಿನಗರ: ಹೆಸರಿನ ಹದಿನಾರು ವರ್ಷ

2023ರವರೆಗೆ ಔರಂಗಾಬಾದ್ ಎಂಬ ಹೆಸರಿದ್ದ ಈ ಊರು ಬೀದರ, ಕಲಬುರಗಿ, ರಾಯಚೂರಿನ ಗೆಳತಿಯರಿಗೆ ಹಳೆಯ ನಂಟು. 1956ರವರೆಗೆ ಎಲ್ಲವೂ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ನಾಶಿಕದ ಪತ್ರದಲ್ಲಿ ಹೇಳಿದ ಶಿಕ್ಷಣದ ಮಾತನ್ನು ಅಂಬೇಡ್ಕರ್ ಅವರು ಇಲ್ಲಿ ನಡೆಸಿ ತೋರಿಸಿದರು. ಅವರ ಪೀಪಲ್ಸ್ ಎಜುಕೇಶನ್ ಸೊಸೈಟಿ 1950ರಲ್ಲಿ ಇಲ್ಲಿ ತೆರೆದ ಕಾಲೇಜೇ ಮುಂದೆ ಮಿಲಿಂದ ಮಹಾವಿದ್ಯಾಲಯವಾಯಿತು. ಸಂವಿಧಾನ ಜಾರಿಗೆ ಬಂದ ವರ್ಷವೂ ಅದೇ.

ಆದರೆ ಇದೇ ಊರಿನಲ್ಲಿ ಠರಾವಿನ ಕಥೆ ಮತ್ತೊಮ್ಮೆ ನಡೆಯಿತು. ಮರಾಠವಾಡಾ ವಿಶ್ವವಿದ್ಯಾಲಯಕ್ಕೆ ಅಂಬೇಡ್ಕರ್ ಹೆಸರಿಡಬೇಕೆಂದು 1978ರ ಜುಲೈ 27ರಂದು ಮಹಾರಾಷ್ಟ್ರದ ಎರಡೂ ಸದನಗಳು ಒಪ್ಪಿದವು. ಮರಾಠವಾಡಾದ ಹಳ್ಳಿಗಳಲ್ಲಿ ದಲಿತರ ಮನೆಗಳಿಗೆ ಬೆಂಕಿ ಬಿತ್ತು, ಜೀವಗಳು ಹೋದವು. ಠರಾವು ಹಾಗೆಯೇ ಉಳಿಯಿತು. ವಿಶ್ವವಿದ್ಯಾಲಯಕ್ಕೆ ಡಾ. ಬಾಬಾಸಾಹೇಬ ಅಂಬೇಡ್ಕರ್ ಮರಾಠವಾಡಾ ವಿಶ್ವವಿದ್ಯಾಲಯ ಎಂಬ ಹೆಸರು ಬಂದದ್ದು 1994ರ ಜನವರಿ 14ರಂದು. ಅದರ ದ್ವಾರದ ಎದುರು ನಿಂತು ಹುಡುಗಿ ಫೋಟೋ ತೆಗೆಸಿಕೊಂಡಳು.

ಮತ್ತೆ ನಮ್ಮ ಮನೆ

ನಾಶಿಕಕ್ಕೆ ಮರಳಿದ ಮರುದಿನ ಬೆಳಿಗ್ಗೆ ಅವಳು ತೊಳೆದ ಪಾತ್ರೆಗಳನ್ನು ಜೋಡಿಸುತ್ತಿದ್ದಳು. ಒಂದು ಕಪ್ಪು ಕೈಗೆತ್ತಿಕೊಂಡು ಇದನ್ನೆಲ್ಲಿ ಇಡಲಿ ಎಂದಳು. "ಅದು ಮಾವಶಿದು, ಕೆಳಗ ಸಿಂಕ್ ಹತ್ರ ಇಡು" ಎಂದೆ.

"ಮಾವಶಿದು ಅಂದ್ರ ನಿಂದಾ?"

ಮನೆಗೆಲಸಕ್ಕೆ ಬರುವ ಹೆಂಗಸರನ್ನು ಇಲ್ಲಿ ಎಲ್ಲರೂ ಮಾವಶಿ ಎನ್ನುತ್ತಾರೆ, ತಾಯಿಯ ತಂಗಿ ಎಂದು. ಅಕ್ಕನ ಮಗಳು ನನ್ನನ್ನು ಕರೆಯುವುದೂ ಹಾಗೆಯೇ. ನನ್ನ ಕಪ್ಪು ಮೇಲಿನ ಶೆಲ್ಫಿನಲ್ಲಿತ್ತು, ಆ ಮಾವಶಿಯದು ಸಿಂಕಿನ ಕೆಳಗೆ. ಅವರ ಜಾತಿ ಯಾವುದೆಂದು ನಾನು ಎಂದೂ ಕೇಳಿಲ್ಲ. ಇದೆಲ್ಲ ಸ್ವಚ್ಛತೆಗಾಗಿ ಎಂದು ಅಂದುಕೊಂಡಿದ್ದೆ. ನಮ್ಮ ಮನೆಯ ಎಲ್ಲ ಪಾತ್ರೆಗಳನ್ನು ತೊಳೆಯುವವರೇ ಅವರು.

1955ರ ಕಾಯ್ದೆಯ 4ನೇ ಕಲಮಿನಲ್ಲಿ ಹೋಟೆಲು, ಧರ್ಮಶಾಲೆಗಳಲ್ಲಿ ಜನರ ಬಳಕೆಗಿಟ್ಟ ಪಾತ್ರೆಗಳ ಉಲ್ಲೇಖವಿದೆ. ನನ್ನ ಅಡುಗೆಮನೆಯ ಕಪ್ಪು ಆ ಪಟ್ಟಿಯಲ್ಲಿಲ್ಲ. ಯಾರೂ ನನ್ನ ಮೇಲೆ ದೂರು ಕೊಡುವುದಿಲ್ಲ. ಆದರೆ ಯಾವ ರೂಪದಲ್ಲಿದ್ದರೂ ಎಂದು 17ನೇ ವಿಧಿ ಹೇಳುವಾಗ ನಾನು ಅದರಿಂದ ಹೊರಗೆ ನಿಲ್ಲುವುದು ಹೇಗೆ?

ಸಾಫ್ಟ್‌ವೇರ್‌ನಲ್ಲಿ ಕೋಡ್ ಬರೆದು ಒಪ್ಪಿಗೆ ಪಡೆದರೆ ಕೆಲಸ ಮುಗಿಯುವುದಿಲ್ಲ, ಅದು ಬಳಸುವವರ ಯಂತ್ರದಲ್ಲಿ ಓಡಬೇಕು. ಹುಡುಗಿಯ ಚಾರ್ಟ್ ತಪ್ಪಲ್ಲ. ಅದು ಸದನದಲ್ಲಿ ಶುರುವಾಗಿ ಸಹಿಯಲ್ಲಿ ಮುಗಿಯುತ್ತದೆ, ಅಷ್ಟೇ. ಬಾಗಿಲ ಹೊರಗೆ ಕುಳಿತ ಇಪ್ಪತ್ತೈದು ಹೆಂಗಸರು ಅದಕ್ಕಿಂತ ಮೊದಲೇ ಬರುತ್ತಾರೆ. ನನ್ನ ಅಡುಗೆಮನೆ ಅದರ ನಂತರ ಬರುತ್ತದೆ.

ಆ ದಿನ ಎಲ್ಲ ಕಪ್ಪುಗಳನ್ನೂ ಒಂದೇ ಶೆಲ್ಫಿಗೆ ಸೇರಿಸಿದೆ. ಮಾವಶಿ ಒಂದು ವಾರ ಹಳೆಯ ಕಪ್ಪನ್ನೇ ಹುಡುಕಿ ತೆಗೆದು ಚಹಾ ಕುಡಿದರು. ನಾನೂ ಸುಮ್ಮನಿದ್ದೆ, ಏನು ಹೇಳಬೇಕೆಂದು ತಿಳಿಯದೆ. ಆಮೇಲೊಂದು ದಿನ ಎರಡು ಕಪ್ಪಿಗೆ ಚಹಾ ಸೋಸಿ, ಹಳೆಯದನ್ನು ನಾನು ತೆಗೆದುಕೊಂಡು ಇನ್ನೊಂದನ್ನು ಅವರ ಮುಂದಿಟ್ಟೆ. ಅವರು ನನ್ನ ಮುಖ ನೋಡಿ, ಕುಡಿದರು. ಈಗ ಕೈಗೆ ಸಿಕ್ಕಿದ ಕಪ್ಪು ತೆಗೆದುಕೊಳ್ಳುತ್ತಾರೆ.

ಗೆಳತಿಯರೇ, ನಿಮ್ಮ ಶೆಲ್ಫನ್ನೂ ಒಮ್ಮೆ ನೋಡಿ ಎಂದಷ್ಟೇ ಕೇಳಿಕೊಳ್ಳುತ್ತೇನೆ.