ಒಂದು ಮೋಟಾರಿಗೆ ಜಾಣ, ಇಡೀ ಟಿಸಿಗೆ ದಡ್ಡ

ನುಗ್ಗೇಹಳ್ಳಿ ಎಂದೊಡನೆ ಹೊರಗಿನವರಿಗೆ ನೆನಪಾಗುವುದು 1246ರಲ್ಲಿ ಬೊಮ್ಮಣ್ಣ ದಂಡನಾಯಕ ಕಟ್ಟಿಸಿದ ಲಕ್ಷ್ಮೀನರಸಿಂಹ ದೇವಾಲಯ. ಸುತ್ತಲಿನವರ ಬದುಕು ಹೆಚ್ಚಾಗಿ ನಿಂತಿರುವುದು ತೆಂಗಿನ ಮೇಲೆ, ತೆಂಗು ನಿಂತಿರುವುದು ಬೋರಿನ ಮೇಲೆ. ಚನ್ನರಾಯಪಟ್ಟಣ ತಾಲ್ಲೂಕಿನ ಈ ಒಣಸೀಮೆಯಲ್ಲಿ ಬೋರು ಇದ್ದಲ್ಲೆಲ್ಲ ಪಕ್ಕದಲ್ಲೊಂದು ತಗಡಿನ ಪೆಟ್ಟಿಗೆಯೂ ಇರುತ್ತದೆ, ಪಂಪ್‌ಸೆಟ್ ಮನೆಯ ಗೋಡೆಗೋ ಕಲ್ಲುಕಂಬಕ್ಕೋ ಬಿಗಿದು. ಅದರ ಬಾಗಿಲು ತೆಗೆದು ನೋಡಿದರೆ ನಮ್ಮ ಹಳ್ಳಿಗಾಡಿಗೆ ಎಲೆಕ್ಟ್ರಾನಿಕ್ಸ್ ಹೊಕ್ಕ ಬಗೆಯೆಲ್ಲ ಪದರ ಪದರವಾಗಿ ಸಿಗುತ್ತದೆ: ಕೆಳಗೆ ಹಳೆಯ ಸ್ಟಾರ್ಟರ್, ಮೇಲೆ ಸಿಂಗಲ್ ಫೇಸ್ ಪ್ರಿವೆಂಟರ್, ಅದಕ್ಕೆ ತಗುಲಿದ ಆಟೋ ಸ್ವಿಚ್ಚು, ಕೊನೆಗೆ ಸಿಮ್ ಹಾಕಿದ ಮೊಬೈಲ್ ಸ್ಟಾರ್ಟರ್. ಇದನ್ನು ಸಲೀಸಾಗಿ ಪ್ರಗತಿ ಎಂದುಬಿಡಬಹುದು. ಆದರೆ ಒಂದೊಂದು ಭಾಗವೂ ಯಾಕೆ ಬಂತು ಎಂದು ಕೇಳುತ್ತ ಹೋದರೆ ಕಾಣುವುದೇ ಬೇರೆ. ಇವುಗಳಲ್ಲಿ ಬಹುಪಾಲು ಬಂದದ್ದು ಮೋಟಾರಿನ ಕುಂದಿಗೆ ಮದ್ದಾಗಿ ಅಲ್ಲ, ಲೈನಿನ ಕುಂದಿಗೆ. ಮದ್ದು ಕೊಂಡವನು ರೈತ. ಅವನು ಕೊಂಡದ್ದು ತನ್ನ ಒಂದು ಮೋಟಾರಿನ ಮಟ್ಟಿಗೆ. ಹತ್ತು ಮೋಟಾರಿಗೆ ಕರೆಂಟು ಹಂಚುವ ಟಿಸಿಯ, ಅಂದರೆ ಟ್ರಾನ್ಸ್‌ಫಾರ್ಮರಿನ, ಪರವಾಗಿ ಯೋಚಿಸುವ ಸರ್ಕ್ಯೂಟು ಈ ಪೆಟ್ಟಿಗೆಯೊಳಗೆ ಇನ್ನೂ ಬಂದಿಲ್ಲ.

ಮೈಸೂರು ಸೀಮೆಯಲ್ಲಿ ಜಲವಿದ್ಯುತ್ತು ಶುರುವಾದದ್ದು 1902ರಲ್ಲಿ ಶಿವನಸಮುದ್ರದಲ್ಲಿ. ಅದು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗೆ. ಕಪಿಲೆ, ಏತಗಳು ಬಾವಿ ಬಿಟ್ಟು ಸರಿಯಲು ಇನ್ನೂ ಹಲವು ದಶಕ ಬೇಕಾಯಿತು. 1957ರಲ್ಲಿ ರಾಜ್ಯದ ವಿದ್ಯುಚ್ಛಕ್ತಿ ಮಂಡಳಿ, ಮುಂದೆ ಕೆಇಬಿ ಎನಿಸಿಕೊಂಡದ್ದು, ಹುಟ್ಟಿದ ಮೇಲೆ ಹಳ್ಳಿಗಳಿಗೆ ಕಂಬ ನೆಡುವ ಕೆಲಸ ಚುರುಕಾಯಿತು. ಇವತ್ತು ಹಾಸನ ಜಿಲ್ಲೆಗೆ ಕರೆಂಟು ಕೊಡುವುದು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮವಾದರೂ ಜನರ ಬಾಯಲ್ಲಿ ಅದು ಈಗಲೂ ಕೆಇಬಿಯೇ. ಹಳ್ಳಿಗೆ ಕಂಬ ಬಂದ ಆ ಕಾಲದ ಸ್ಟಾರ್ಟರಿನಲ್ಲಿ ಎಲೆಕ್ಟ್ರಾನಿಕ್ ಎನ್ನುವಂಥದ್ದು ಏನೂ ಇರಲಿಲ್ಲ. ಹಸಿರು ಗುಂಡಿ ಒತ್ತಿದರೆ ಕಾಯಿಲ್‌ಗೆ ಕರೆಂಟು ಹರಿದು ಅದು ಅಯಸ್ಕಾಂತವಾಗಿ ಮೂರು ಕಾಂಟ್ಯಾಕ್ಟ್ ಪಾಯಿಂಟುಗಳನ್ನು ಎಳೆದು ಕೂಡಿಸುತ್ತದೆ. ಜೊತೆಗಿರುವ ನಾಲ್ಕನೆಯ ಸಣ್ಣ ಪಾಯಿಂಟು ಕಾಯಿಲ್‌ನ ದಾರಿಯನ್ನೇ ಹಿಡಿದಿಡುವುದರಿಂದ ಗುಂಡಿ ಬಿಟ್ಟರೂ ಮೋಟಾರು ಓಡುತ್ತದೆ. ಕರೆಂಟು ಹೋದರೆ ಕಾಯಿಲ್ ಬಿಡುತ್ತದೆ, ಮತ್ತೆ ಬಂದಾಗ ತಾನಾಗಿ ಹಿಡಿಯುವುದಿಲ್ಲ. ಈ ಕೊನೆಯ ಗುಣ ಬೇಕೆಂದೇ ಇಟ್ಟದ್ದು: ಪಂಪನ್ನು ಬಿಚ್ಚಿಕೊಂಡು ಕೂತವನ ಕೈಯಲ್ಲಿ ಮೋಟಾರು ತಿರುಗಬಾರದು. ಇನ್ನೊಂದು ರಕ್ಷಣೆ ಓವರ್‌ಲೋಡ್ ರಿಲೇ. ಎರಡು ಲೋಹ ಬೆಸೆದ ಪಟ್ಟಿ ಹೆಚ್ಚು ಕರೆಂಟಿಗೆ ಕಾದು ಬಾಗುತ್ತದೆ, ಬಾಗಿ ಕಾಯಿಲ್‌ನ ದಾರಿ ಕಡಿಯುತ್ತದೆ. ಎಷ್ಟು ಆಂಪಿಯರಿಗೆ ಬಾಗಬೇಕು ಎಂದು ಹೇಳಲು ಒಂದು ಸಣ್ಣ ತಿರುಪು.

ತೊಂದರೆ ಶುರುವಾದದ್ದು ಈ ತಿರುಪಿನಲ್ಲೇ. 5 ಎಚ್‌ಪಿ ಮೋಟಾರು 415 ವೋಲ್ಟಿನಲ್ಲಿ ಪೂರ್ತಿ ಕೆಲಸ ಮಾಡುವಾಗ ಸುಮಾರು ಏಳೂವರೆ ಆಂಪಿಯರ್ ಎಳೆಯುತ್ತದೆ. ಟಿಸಿಯಿಂದ ದೂರದ ಲೈನಿನ ತುದಿಯಲ್ಲಿ ವೋಲ್ಟೇಜು 320ಕ್ಕೋ 300ಕ್ಕೋ ಇಳಿದಾಗ ಅದೇ ನೀರೆತ್ತಲು ಅದೇ ಮೋಟಾರಿಗೆ ಹೆಚ್ಚು ಆಂಪಿಯರ್ ಬೇಕು. ಪಟ್ಟಿ ಬಾಗುತ್ತದೆ, ಮೋಟಾರು ನಿಲ್ಲುತ್ತದೆ. ಅರ್ಧ ನೆನೆದ ತೋಟದ ಮುಂದೆ ನಿಂತವನು ತಿರುಪನ್ನು ಒಂದಿಷ್ಟು ಮೇಲಕ್ಕೆ ತಿರುಗಿಸುತ್ತಾನೆ. ಇದನ್ನು ಅಜ್ಞಾನ ಎನ್ನಲಾಗದು. ಆ ಗಳಿಗೆಗೆ ಅದು ಸರಿಯಾದ ತೀರ್ಮಾನವೇ. ಆದರೆ ಮುಂದೊಂದು ದಿನ ಟಿಸಿಯ ಬಳಿ ಒಂದು ಫ್ಯೂಸ್ ಹೋದರೆ ಮೋಟಾರು ಉಳಿದೆರಡು ತಂತಿಯ ಮೇಲೆಯೇ ಗುಂಯ್‌ಗುಡುತ್ತ ಓಡುತ್ತದೆ. ಆ ಎರಡರಲ್ಲೂ ಕರೆಂಟು ಸುಮಾರು 1.7 ಪಟ್ಟು ಏರುತ್ತದೆ, ಹುಟ್ಟುವ ಬಿಸಿ ಕರೆಂಟಿನ ವರ್ಗದಂತೆ ಮೂರರಷ್ಟಾಗುತ್ತದೆ. ಮೇಲಕ್ಕೆ ತಿರುಗಿಸಿಟ್ಟ ಪಟ್ಟಿ ಬಾಗುವ ಹೊತ್ತಿಗೆ ವೈಂಡಿಂಗ್ ಕರಕಲಾಗಿರುತ್ತದೆ.

ಸಿಂಗಲ್ ಫೇಸ್ ಪ್ರಿವೆಂಟರ್ ಬಂದದ್ದು ಈ ಸಂದಿನಲ್ಲಿ. ಮೂರು ತಂತಿಗೆ ಮೂರು ದೀಪ ಕಟ್ಟಿ, ಯಾವುದು ಆರಿತೋ ನೋಡಿ ನಿಲ್ಲಿಸಿದರೆ ಸಾಲದೇ ಎಂದು ಯಾರಿಗಾದರೂ ಅನ್ನಿಸೀತು. ಸಾಲದು. ತಿರುಗುತ್ತಿರುವ ಮೋಟಾರು ತಾನೇ ಜನರೇಟರಿನಂತೆ ವರ್ತಿಸಿ ಸತ್ತ ತಂತಿಗೂ ವೋಲ್ಟೇಜು ತುಂಬುತ್ತದೆ. ಮೂರು ದೀಪವೂ ಹೆಚ್ಚುಕಡಿಮೆ ಉರಿಯುತ್ತಲೇ ಇರುತ್ತವೆ. ಆದ್ದರಿಂದ ಅಳೆಯಬೇಕಾದದ್ದು ತಂತಿ ಬದುಕಿದೆಯೇ ಎಂಬುದನ್ನಲ್ಲ, ಮೂರರ ನಡುವಣ ಸಮತೋಲವನ್ನು. ಅದಕ್ಕೆ ಕೆಲವು ರೆಸಿಸ್ಟರು, ಕೆಪಾಸಿಟರು ಸೇರಿಸಿ ಒಂದು ಜಾಲ ಕಟ್ಟುತ್ತಾರೆ. ಕೆಪಾಸಿಟರಿನ ದಾರಿ ಹಿಡಿದ ಅಲೆಯ ಹಂತ ಸರಿಯುತ್ತದೆ. ಮೂರು ಫೇಸೂ ಸಮನಾಗಿ, ಸರಿಯಾದ ಸರದಿಯಲ್ಲಿದ್ದಾಗ ಜಾಲದ ತುದಿಯಲ್ಲಿ ಕೂಡುವ ವೋಲ್ಟೇಜುಗಳು ಒಂದನ್ನೊಂದು ಅಳಿಸಿ ಸೊನ್ನೆಯಾಗುವಂತೆ ಬೆಲೆಗಳನ್ನು ಆರಿಸಿರುತ್ತಾರೆ. ಒಂದು ಫೇಸು ಕುಂದಿದರೆ ಸಾಕು, ಸೊನ್ನೆಯ ಜಾಗದಲ್ಲಿ ಏನೋ ಒಂದು ಉಳಿಯುತ್ತದೆ. ಡಯೋಡು ಅದನ್ನು ನೇರ ಕರೆಂಟಾಗಿಸುತ್ತದೆ, ಎಲ್‌ಎಂ324 ತರಹದ ಆಪ್‌ಆಂಪ್ ಅದನ್ನು ಗೊತ್ತಾದ ಮಿತಿಗೆ ಹೋಲಿಸುತ್ತದೆ, ಟ್ರಾನ್ಸಿಸ್ಟರು ಸಣ್ಣ ರಿಲೇಯನ್ನು ಬಿಡಿಸುತ್ತದೆ, ಆ ರಿಲೇ ಸ್ಟಾರ್ಟರಿನ ಕಾಯಿಲ್‌ನ ದಾರಿ ಕಡಿಯುತ್ತದೆ. ಎರಡು ಫೇಸು ಅದಲುಬದಲಾಗಿ ಮೋಟಾರು ಹಿಮ್ಮುಖ ತಿರುಗುವುದನ್ನೂ ಇದೇ ಜಾಲ ಹಿಡಿಯುತ್ತದೆ. ಬೆಂಗಳೂರಿನ ಎಸ್‌ಪಿ ರಸ್ತೆಯಲ್ಲಿ ಬಿಡಿಯಾಗಿ ಸಿಗುವ ಸಾಮಾನಿನಿಂದ ಇಷ್ಟನ್ನು ಮಾಡಬಹುದು. ಈ ಪೆಟ್ಟಿಗೆಯಲ್ಲಿ ಇದಕ್ಕಿಂತ ಚೊಕ್ಕವಾದ ಸರ್ಕ್ಯೂಟು ಮತ್ತೊಂದಿಲ್ಲ ಎಂಬುದು ನನ್ನ ಅಭಿಪ್ರಾಯ.

ಹಳೆಯ ಸ್ಟಾರ್ಟರು ಮೂವತ್ತು ವರ್ಷ ಬಾಳುತ್ತಿತ್ತು, ಈ ಬೋರ್ಡುಗಳು ಒಂದು ಸಿಡಿಲಿಗೆ ಹೋಗುತ್ತವೆ ಎಂಬ ಆಕ್ಷೇಪ ಇದೆ. ಅದರಲ್ಲಿ ಸತ್ಯವೂ ಇದೆ. ಪಾಯಿಂಟು ಕಪ್ಪಾದರೆ ಎಮರಿ ಕಾಗದದಲ್ಲಿ ತಿಕ್ಕಿ ಸರಿಮಾಡಬಹುದು, ಸುಟ್ಟ ಐಸಿಯನ್ನು ತಿಕ್ಕಲಾಗದು. ಇರುವೆ, ಹಲ್ಲಿಗಳಿಗೂ ಬೆಚ್ಚಗಿನ ಪೆಟ್ಟಿಗೆ ಇಷ್ಟವೇ. ಆದರೆ ಹಳೆಯ ಸ್ಟಾರ್ಟರು ಕಾಯುತ್ತಿದ್ದದ್ದು ತೆರೆದ ಬಾವಿಯ ದಂಡೆಯ ಮೇಲಿನ ಮೋಟಾರನ್ನು. ಸುಟ್ಟರೆ ಬಿಚ್ಚಿ ಪೇಟೆಗೆ ಒಯ್ದರಾಯಿತು. ಸಬ್‌ಮರ್ಸಿಬಲ್ ಮೋಟಾರು ಇರುವುದು ನೂರಾರು ಅಡಿ ಆಳದಲ್ಲಿ. ಅದು ಸುಟ್ಟರೆ ವೈಂಡಿಂಗಿನ ಖರ್ಚಿನ ಜೊತೆ ಅಷ್ಟೂ ಪೈಪು ಎತ್ತಿ ಮತ್ತೆ ಇಳಿಸುವ ಖರ್ಚು. ಮೇಲಾಗಿ ಅದಕ್ಕೆ ತಂಪು ಕೊಡುವುದೂ ಸುತ್ತ ಹರಿಯುವ ನೀರೇ. ಬೋರಿನ ನೀರು ತಳ ಕಂಡರೆ ಪಂಪಿಗೆ ಕೆಲಸ ಕಡಿಮೆಯಾಗಿ ಕರೆಂಟು ಇಳಿಯುತ್ತದೆ, ಮೋಟಾರು ಮಾತ್ರ ಕಾಯುತ್ತ ಹೋಗುತ್ತದೆ. ಹೆಚ್ಚು ಕರೆಂಟಿಗೆ ಮಾತ್ರ ಬಾಗುವ ಪಟ್ಟಿಗೆ ಇದು ತಿಳಿಯುವುದೇ ಇಲ್ಲ. ತಂತಿಯ ಸುತ್ತ ಕೂರಿಸಿದ ಸಿಟಿ, ಅಂದರೆ ಕರೆಂಟ್ ಟ್ರಾನ್ಸ್‌ಫಾರ್ಮರು, ಆಂಪಿಯರ್ ಇಳಿದದ್ದನ್ನು ಕಂಡು ಡ್ರೈ ರನ್ ಎಂದು ನಿಲ್ಲಿಸುತ್ತದೆ. ಬೋರು ಆಳವಾದಂತೆಲ್ಲ ಎಲೆಕ್ಟ್ರಾನಿಕ್ ಕಾವಲು ಅನಿವಾರ್ಯವಾಯಿತು. ಹಳೆಯದಕ್ಕೆ ಮರಳುವ ದಾರಿ ನೆಲದ ಮೇಲೆ ಉಳಿದಿಲ್ಲ.

ಆಟೋ ಸ್ವಿಚ್ಚಿನ ಕತೆ ಹಾಗಲ್ಲ. ಪಂಪ್‌ಸೆಟ್ಟುಗಳಿಗೆ ದಿನಕ್ಕೆ ಏಳು ಗಂಟೆ ಮೂರು ಫೇಸ್ ಕರೆಂಟು ಎಂಬುದು ಸರ್ಕಾರದ ಲೆಕ್ಕ. ಅದು ಪಾಳಿಯಲ್ಲಿ ಬರುತ್ತದೆ, ಕೆಲವು ಸಲ ನಡುರಾತ್ರಿ. ಹಾವು ಹುಳದ ನಡುವೆ ಬ್ಯಾಟರಿ ಹಿಡಿದು ತೋಟಕ್ಕೆ ಹೋಗುವುದನ್ನು ತಪ್ಪಿಸಲು ಬಂದದ್ದು ಆಟೋ: ಮೂರು ಫೇಸೂ ಸರಿಯಾಗಿ ಬಂದವೆಂದು ಖಚಿತವಾದ ಮೇಲೆ ಸ್ವಲ್ಪ ಹೊತ್ತು ತಡೆದು ತಾನೇ ಹಸಿರು ಗುಂಡಿ ಒತ್ತಿದಂತೆ ಮಾಡುತ್ತದೆ. ಕಾಯಿಲ್ ತಾನಾಗಿ ಹಿಡಿಯಬಾರದೆಂಬ ಹಳೆಯ ಎಚ್ಚರವನ್ನು ಇದು ರದ್ದುಮಾಡಿತು. ಅದಕ್ಕಿಂತ ದೊಡ್ಡ ಪರಿಣಾಮ ಆದದ್ದು ಟಿಸಿಯ ಮೇಲೆ. 63 ಕೆವಿಎ ಟಿಸಿಯೊಂದು ಪ್ರತಿ ಫೇಸಿಗೆ ಸುಮಾರು 84 ಆಂಪಿಯರ್ ಕೊಡಬಲ್ಲದು. ಅದರ ಮೇಲೆ 5 ಎಚ್‌ಪಿಯ ಹತ್ತು ಮೋಟಾರಿದ್ದರೆ ಓಡುವಾಗ 75 ಆಂಪಿಯರ್, ಲೆಕ್ಕ ಸರಿ. ಆದರೆ ನಿಂತ ಮೋಟಾರು ಮೇಲೇಳುವಾಗ ಎಳೆಯುವುದು ಆರು ಪಟ್ಟು. ಹತ್ತೂ ಒಟ್ಟಿಗೆ ಎದ್ದರೆ 450 ಆಂಪಿಯರ್, ಟಿಸಿಯ ಅಳತೆಯ ಐದು ಪಟ್ಟಿಗೂ ಹೆಚ್ಚು. ಆಗ ಟಿಸಿಯೊಳಗೇ ಐದರಲ್ಲೊಂದು ಪಾಲು ವೋಲ್ಟೇಜು ಕರಗುತ್ತದೆ, ಲೈನಿನಲ್ಲಿ ಮತ್ತಷ್ಟು. ಮೋಟಾರಿನ ತಿರುಗುಬಲ ವೋಲ್ಟೇಜಿನ ವರ್ಗವನ್ನು ಹಿಂಬಾಲಿಸುವುದರಿಂದ, ವೋಲ್ಟೇಜು ನೂರಕ್ಕೆ ಎಪ್ಪತ್ತಾದರೆ ಬಲ ಅರ್ಧಕ್ಕಿಳಿಯುತ್ತದೆ. ಯಾವುದೂ ಬೇಗ ಮೇಲೇಳದು, ಎಲ್ಲವೂ ಭಾರಿ ಕರೆಂಟು ಎಳೆಯುತ್ತಲೇ ಇರುತ್ತವೆ. ಕಾಯಿಲ್‌ಗಳು ಕಟಕಟ ಎಂದು ಹಿಡಿದು ಬಿಡುತ್ತವೆ, ಕೊನೆಗೆ ಫ್ಯೂಸೋ ಟಿಸಿಯೋ ಹೋಗುತ್ತದೆ. ಕೈಯಲ್ಲಿ ಗುಂಡಿ ಒತ್ತುತ್ತಿದ್ದ ಕಾಲದಲ್ಲಿ ಒಬ್ಬ ಈಗ ಬಂದರೆ ಇನ್ನೊಬ್ಬ ಕಾಫಿ ಕುಡಿದು ಬರುತ್ತಿದ್ದ. ಆ ವ್ಯತ್ಯಾಸವೇ ಟಿಸಿಯನ್ನು ಕಾಯುತ್ತಿತ್ತು.

ಇಲ್ಲೊಂದು ವಿಚಿತ್ರ ತಿರುವಿದೆ. ಮೊದಲ ಪೀಳಿಗೆಯ ಆಟೋಗಳಲ್ಲಿ ತಡವನ್ನು ಅಳೆಯುತ್ತಿದ್ದದ್ದು ಒಂದು ರೆಸಿಸ್ಟರಿನ ಮೂಲಕ ನಿಧಾನವಾಗಿ ತುಂಬುವ ಕೆಪಾಸಿಟರು. 1970ರ ದಶಕದಲ್ಲಿ ಬಂದ 555 ಐಸಿಗೆ ಒಂದು ಮೆಗಓಮ್ ಮತ್ತು 100 ಮೈಕ್ರೋಫ್ಯಾರಡ್ ಕಟ್ಟಿದರೆ 110 ಸೆಕೆಂಡು. ಇದು ಕಾಗದದ ಮೇಲಿನ ಲೆಕ್ಕ. ಎಲೆಕ್ಟ್ರೋಲಿಟಿಕ್ ಕೆಪಾಸಿಟರಿನ ಬೆಲೆ ಹೊಸದರಲ್ಲೇ ನೂರಕ್ಕೆ ಇಪ್ಪತ್ತರಷ್ಟು ಆಚೀಚೆ ಇರಬಹುದು. ಬಿಸಿಲಲ್ಲಿ ಕಾದ ತಗಡಿನೊಳಗೆ ಅದು ಒಣಗುತ್ತ ಇನ್ನಷ್ಟು ತಪ್ಪುತ್ತದೆ. ಹೀಗಾಗಿ ಒಂದು ತೋಟದ ಆಟೋ 90 ಸೆಕೆಂಡಿಗೆ ಎದ್ದರೆ ಪಕ್ಕದ್ದು 125ಕ್ಕೆ. ಮುಂದೆ ಮೈಕ್ರೋಕಂಟ್ರೋಲರ್ ಬಂತು. ಅದರ ಗಡಿಯಾರ ನೂರಕ್ಕೆ ಒಂದೆರಡರಷ್ಟೂ ತಪ್ಪದು. ಕಾರ್ಖಾನೆಯಿಂದ 30 ಸೆಕೆಂಡು ಎಂದು ಬಂದದ್ದನ್ನು ಯಾರೂ ಬದಲಿಸದಿದ್ದರೆ ಹತ್ತು ಮೋಟಾರೂ ಹೆಚ್ಚುಕಡಿಮೆ ಒಂದೇ ಸೆಕೆಂಡಿನೊಳಗೆ ಏಳುತ್ತವೆ. ಬಿಡಿಭಾಗ ಸುಧಾರಿಸಿತು, ವ್ಯವಸ್ಥೆ ಕೆಟ್ಟಿತು. ಇದಕ್ಕೆ ಪರಿಹಾರ ಅದೇ ಚಿಪ್ಪಿನಲ್ಲಿದೆ: ಪ್ರತಿ ಸಲವೂ ಸೊನ್ನೆಯಿಂದ ಐದು ನಿಮಿಷದೊಳಗೆ ಯಾವುದೋ ಒಂದು ತಡವನ್ನು ತಾನೇ ಆರಿಸಿಕೊಳ್ಳುವಂತೆ ಪ್ರೋಗ್ರಾಮಿನಲ್ಲಿ ಕೆಲವು ಸಾಲು ಬರೆದರೆ ಸಾಕು. ಹೊಸ ತಂತಿ ಬೇಡ, ಹೊಸ ಬಿಡಿಭಾಗ ಬೇಡ. ಒಂಬತ್ತು ಮೋಟಾರು ಓಡುತ್ತಿರುವಾಗ ಹತ್ತನೆಯದು ಎದ್ದರೆ ಒಟ್ಟು 110 ಆಂಪಿಯರ್ ದಾಟಿ ಸೆಕೆಂಡೆರಡರಲ್ಲಿ ಇಳಿಯುತ್ತದೆ. ಅಷ್ಟನ್ನು ಟಿಸಿ ತಾಳಿಕೊಳ್ಳುತ್ತದೆ.

ಇದೆಲ್ಲ ಪುಕ್ಕಟೆ ಕರೆಂಟಿನ ಫಲ, ರೈತರಿಗೆ ಶಿಸ್ತಿಲ್ಲ ಎನ್ನುವವರಿದ್ದಾರೆ. 10 ಎಚ್‌ಪಿವರೆಗೆ ಬಿಲ್ಲಿಲ್ಲ ಎಂಬುದು ನಿಜ. ಅದರ ಪರಿಣಾಮ ಕಾಣುವುದು ಪವರ್ ಫ್ಯಾಕ್ಟರ್ ಸುಧಾರಿಸಲು ಮೋಟಾರಿಗೆ ಜೋಡಿಸುವ ಕೆಪಾಸಿಟರಿನಲ್ಲಿ: ಅದು ಲೈನಿನ ಮೇಲಿನ ವ್ಯರ್ಥ ಕರೆಂಟನ್ನು ಇಳಿಸುತ್ತದೆ, ತೋಟಕ್ಕೆ ಒಂದು ಹನಿ ನೀರನ್ನೂ ಹೆಚ್ಚಿಸುವುದಿಲ್ಲ. ಕೆಟ್ಟರೆ ಬದಲಿಸುವವರು ಕಡಿಮೆ. ಅದೇ ವೇಳೆ, ರಾತ್ರಿ ದೀಪಕ್ಕೆಂದು ಬಿಟ್ಟ ಕರೆಂಟಿನಲ್ಲಿ ಮೂರು ಫೇಸಿನ ಮೋಟಾರು ಓಡಿಸಲು ಕಟ್ಟುವ ಕಂಡೆನ್ಸರನ್ನು ಮಾತ್ರ ಜೋಪಾನವಾಗಿ ಇಟ್ಟುಕೊಳ್ಳುತ್ತಾರೆ. ಇದರಿಂದ ಶಿಸ್ತಿಲ್ಲ ಎಂಬ ತೀರ್ಮಾನಕ್ಕೆ ಬರುವುದು ಅವಸರ. ತನ್ನ ಮೋಟಾರಿಗೆ ಲಾಭವಿರುವ ಭಾಗವನ್ನು ರೈತ ಸ್ವಂತ ದುಡ್ಡಿನಲ್ಲಿ ಕೊಂಡು ಕಾಪಾಡುತ್ತಾನೆ ಎಂಬುದಕ್ಕೇ ಇದು ಸಾಕ್ಷಿ. ಟಿಸಿಗೆ ಲಾಭವಿರುವ ಭಾಗವನ್ನು ಅವನ ಮನಸ್ಸಿಗೆ ಬಿಡದೆ ಪೆಟ್ಟಿಗೆಯೊಳಗೇ ಸೇರಿಸಿ ಕೊಡಬೇಕಿತ್ತು. ಏಳು ಗಂಟೆಯಲ್ಲಿ ಎರಡು ಮೂರು ನಿಮಿಷ ಕಳೆದುಕೊಳ್ಳುವುದು ಯಾರಿಗೂ ಭಾರವಲ್ಲ. ಟಿಸಿ ಸುಟ್ಟು ಬದಲಿ ಬರುವವರೆಗೆ ಕಾಯುವುದು ಭಾರ.

ಮೊಬೈಲ್ ಸ್ಟಾರ್ಟರು ಈ ಸಾಲಿನ ಹೊಸ ಪದರ. ಪುಣೆಯ ಸಂತೋಷ್ ಓಸ್ತ್ವಾಲ್ ಅವರ ನ್ಯಾನೋ ಗಣೇಶ್ ಈ ದಾರಿಯಲ್ಲಿ ಮುಂಚೂಣಿಯದು. ಸರಳ ಮಾದರಿಯಲ್ಲಿ ಒಂದು ಹಳೆಯ ಹ್ಯಾಂಡ್‌ಸೆಟ್ಟನ್ನು ಪೆಟ್ಟಿಗೆಯೊಳಗಿಟ್ಟು ಅದರ ಇಯರ್‌ಫೋನ್ ತಂತಿಯನ್ನು 8870 ಎಂಬ ಐಸಿಗೆ ಜೋಡಿಸುತ್ತಿದ್ದರು. ಫೋನಿನ ಪ್ರತಿ ಅಂಕಿಯೂ ಎರಡು ಸ್ವರ ಕೂಡಿದ ಒಂದು ಸದ್ದು. ಆ ಜೋಡಿಯನ್ನು ಗುರುತಿಸಿ ಐಸಿ ರಿಲೇಗೆ ಹೇಳುತ್ತದೆ. ಆಮೇಲೆ ಸಿಮ್ ನೇರವಾಗಿ ಕೂರುವ ಜಿಎಸ್‌ಎಂ ಮಾಡ್ಯೂಲು ಬಂತು. ದೂರದಿಂದ ಆಜ್ಞೆ ಕೊಡುವ ವಿದ್ಯೆ ಹಾಸನಕ್ಕೆ ಹೊಸದಲ್ಲ: 1982ರಿಂದಲೂ ಇಲ್ಲಿನ ಇಸ್ರೋ ಪ್ರಧಾನ ನಿಯಂತ್ರಣ ಕೇಂದ್ರ ಸುಮಾರು 36,000 ಕಿಲೋಮೀಟರ್ ಎತ್ತರದ ಉಪಗ್ರಹಗಳನ್ನು ನಿಭಾಯಿಸುತ್ತಿದೆ. ಅಲ್ಲಿ ಆಜ್ಞೆ ಹೋಯಿತೆಂದರೆ ಕೆಲಸ ಆಯಿತೆಂದು ಅರ್ಥವಲ್ಲ. ಉಪಗ್ರಹ ತನ್ನ ಸ್ಥಿತಿಯನ್ನು ಮರಳಿ ತಿಳಿಸಿದಾಗಲೇ ಆಯಿತು. ಅಗ್ಗದ ಮೊಬೈಲ್ ಸ್ಟಾರ್ಟರು ಆಜ್ಞೆಯನ್ನಷ್ಟೇ ಕಲಿತಿತ್ತು. ಈಗಿನವು ಆಂಪಿಯರ್ ಎಷ್ಟು, ಯಾವ ಫೇಸಿಲ್ಲ, ನೀರು ಬರುತ್ತಿದೆಯೋ ಇಲ್ಲವೋ ಎಂದು ಸಂದೇಶ ಕಳಿಸುತ್ತವೆ, ಇದು ನಿಜವಾದ ಹೆಜ್ಜೆ. ಆದರೆ ಆ ಮಾಹಿತಿಯೆಲ್ಲ ಹೋಗುವುದು ರೈತನ ಫೋನಿಗೆ. ಲೈನ್‌ಮನ್‌ಗೆ, ಸಬ್‌ಸ್ಟೇಷನ್ನಿಗೆ ಅದರ ಸುಳಿವೇ ಇಲ್ಲ. ಈ ಸ್ಟಾರ್ಟರುಗಳಲ್ಲಿ ಬಹಳಷ್ಟು 2ಜಿ ನಂಬಿಕೊಂಡಿರುವುದು ಇನ್ನೊಂದು ತೂಗುಗತ್ತಿ.

ಸೌರಶಕ್ತಿ ಬಂದ ಮೇಲೆ ಈ ಚರ್ಚೆಯೇ ಮುಗಿಯಿತು ಎನ್ನುವವರ ಮಾತನ್ನು ಅರ್ಧ ಒಪ್ಪಬಹುದು. ತೋಟದಲ್ಲೇ ಫಲಕ ಇಟ್ಟ ಪಂಪಿನ ಡ್ರೈವಿನಲ್ಲಿ ಐಜಿಬಿಟಿಗಳು ನೇರ ಕರೆಂಟನ್ನು ಸೆಕೆಂಡಿಗೆ ಸಾವಿರಾರು ಸಲ ಕಡಿದು ಬೇಕಾದ ಆವರ್ತನದ ಮೂರು ಫೇಸು ಕಟ್ಟುತ್ತವೆ. ಆವರ್ತನ ಸೊನ್ನೆಯಿಂದ ಮೆಲ್ಲಗೆ ಏರುವುದರಿಂದ ಆರು ಪಟ್ಟಿನ ಎಳೆತ ಇಲ್ಲ, ಟಿಸಿಯೂ ಇಲ್ಲ. ಆದರೆ 2019ರ ಪಿಎಂ ಕುಸುಮ್ ಯೋಜನೆಯಲ್ಲಿ ಇಡೀ ಫೀಡರಿಗೇ ಸೌರ ಘಟಕ ಕಟ್ಟುವ ಭಾಗವೂ ಇದೆ. ಅಲ್ಲಿ ಕರೆಂಟಿನ ಮೂಲ ಮಾತ್ರ ಹೊಸದು. ಟಿಸಿ, ಮೋಟಾರು, ಆಟೋ ಎಲ್ಲ ಹಳೆಯವೇ. ರಾತ್ರಿ ಪಾಳಿಗೆ ಹಂಚಿಹೋಗಿದ್ದ ತೋಟಗಳೂ ಹಗಲಿಗೇ ಬಂದು ಸೇರುತ್ತವೆ, ಬೆಳಿಗ್ಗೆ ಫೀಡರಿಗೆ ಕರೆಂಟು ಬಿಟ್ಟ 30ನೆಯ ಸೆಕೆಂಡಿಗೆ ಹಳೆಯ ಲೆಕ್ಕವೇ ಮತ್ತೆ ಎದುರಾಗುತ್ತದೆ. ಹಾಗಾಗಿ ಘಟಕದ ಟೆಂಡರಿನ ಜೊತೆಗೆ, ಆ ಫೀಡರಿನ ಪ್ರತಿ ಆಟೋಗೂ ಬೇರೆ ಬೇರೆ ತಡ ಇರಬೇಕೆಂಬ ಷರತ್ತನ್ನೂ ಬರೆಯಬೇಕು. ಅದರ ಖರ್ಚು ಒಂದು ಸುಟ್ಟ ಟಿಸಿಯ ರಿಪೇರಿಗಿಂತ ಹೆಚ್ಚಾಗಲಾರದು.